ಪ್ರತಿಭಾವಂತ ಹದಿಹರೆಯದವರಲ್ಲಿ ಎಡಿಎಚ್‌ಡಿ: ಯಾವ ನೆರವು ಯಾರಿಗೆ, ಯಾವಾಗ?

ಕಠಿಣವಾದ ಗಣಿತದ ಸಮಸ್ಯೆಯನ್ನು ಕಾಗದ ಮುಟ್ಟದೆ ಬಿಡಿಸುವ ಹದಿನೈದರ ಹುಡುಗಿ, ಅದೇ ಗಣಿತದ ಹೋಂವರ್ಕನ್ನು ರಾತ್ರಿ ಕೂತು ಬರೆದು ಮುಗಿಸಿ, ಮರುದಿನ ಶಾಲೆಗೂ ಒಯ್ದು, ಶಿಕ್ಷಕರ ಕೈಗೆ ಕೊಡದೆ ಹಾಗೇ ವಾಪಸ್ ತರುತ್ತಾಳೆ. ವಾರ ಕಳೆದ ಮೇಲೆ ಬ್ಯಾಗಿನ ತಳದಲ್ಲಿ ಮುದುಡಿದ ಹಾಳೆ ಸಿಗುತ್ತದೆ. ಉತ್ತರಗಳೆಲ್ಲ ಸರಿ, ಅಂಕ ಸೊನ್ನೆ. "ಬುದ್ಧಿಗೇನೂ ಕೊರತೆಯಿಲ್ಲ, ಮನಸ್ಸು ಕೊಟ್ಟು ಮಾಡುವುದಿಲ್ಲ" ಎಂದು ಅಂಕಪಟ್ಟಿಯಲ್ಲಿ ಷರಾ ಬೀಳುತ್ತದೆ. ಆ ಮಾತನ್ನು ವರ್ಷಗಟ್ಟಲೆ ಕೇಳಿದ ಮಗು ಅದನ್ನೇ ತನ್ನ ಸ್ವಭಾವವೆಂದು ನಂಬಿಬಿಡುತ್ತದೆ. ಎಡಿಎಚ್‌ಡಿಯಿಂದ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯಿಂದ, ಆಗುವ ಹಾನಿಗಳಲ್ಲಿ ನನಗೆ ಎಲ್ಲಕ್ಕಿಂತ ಸಂಕಟ ತರುವುದು ಇದೇ.

ಇಂಥ ಮಗುವಿನ ತಂದೆತಾಯಿಗೆ ಸಲಹೆಗಳಿಗೇನೂ ಬರವಿಲ್ಲ. ಔಷಧಿ ಕೊಡಿ ಎನ್ನುವವರಿದ್ದಾರೆ, ಬೇಡವೇ ಬೇಡ ಎನ್ನುವವರಿದ್ದಾರೆ. ಒಬ್ಬರು ಚಿಕಿತ್ಸಕರ ಹೆಸರು ಹೇಳಿದರೆ ಇನ್ನೊಬ್ಬರು ಮಿದುಳಿಗೆ ತರಬೇತಿ ಕೊಡುವ ಯಂತ್ರದ ಗುಣಗಾನ ಮಾಡುತ್ತಾರೆ. ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳಿದರೆ ದಾರಿ ಸಿಗುವುದಿಲ್ಲ. ಕೆಲಸ ಯಾವ ಹಂತದಲ್ಲಿ ಕೈತಪ್ಪುತ್ತಿದೆ ಎಂದು ಕೇಳಿಕೊಂಡರೆ ಆಯ್ಕೆ ಅರ್ಧ ಮುಗಿದಂತೆ. ಶುರು ಮಾಡುವುದೇ ಆಗುತ್ತಿಲ್ಲವೇ? ನಡುವೆ ನಿಂತುಹೋಗುತ್ತಿದೆಯೇ? ಮುಗಿದದ್ದು ತಲುಪಬೇಕಾದಲ್ಲಿಗೆ ತಲುಪುತ್ತಿಲ್ಲವೇ? ಅಥವಾ ಪಾಠವೇ ಸಪ್ಪೆಯಾಗಿ ಮನಸ್ಸು ಎದ್ದು ಹೋಗುತ್ತಿದೆಯೇ? ಮೇಲೆ ಹೇಳಿದ ಹುಡುಗಿಗೆ ಗಣಿತದ ಟ್ಯೂಷನ್ ಹಾಕಿಸಿದರೆ ಕಾಸಿನಷ್ಟೂ ಪ್ರಯೋಜನವಿಲ್ಲ. ಅವಳ ತೊಡಕು ಇರುವುದು ಬ್ಯಾಗಿಗೂ ಶಿಕ್ಷಕರ ಮೇಜಿಗೂ ನಡುವೆ.

ಪ್ರಶ್ನಾವಳಿ ಸಾಕೇ, ಪೂರ್ಣ ತಪಾಸಣೆ ಬೇಕೇ?

ಎಡಿಎಚ್‌ಡಿಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಮಿದುಳಿನ ಸ್ಕ್ಯಾನ್ ಆಗಲಿ ಇಲ್ಲ. ಪೋಷಕರು, ಶಿಕ್ಷಕರು ತುಂಬುವ ಪ್ರಶ್ನಾವಳಿ ಮತ್ತು ವೈದ್ಯರೊಂದಿಗೆ ವಿವರವಾದ ಮಾತುಕತೆ, ಇವೇ ತಪಾಸಣೆಯ ಜೀವಾಳ. ಎಷ್ಟೋ ಮಕ್ಕಳಿಗೆ ಅಷ್ಟು ಸಾಕು. ಪ್ರತಿಭಾವಂತ ಮಗುವಿಗೆ ಮಾತ್ರ ಐಕ್ಯೂ ಪರೀಕ್ಷೆಯೂ ಸೇರಿದ ಪೂರ್ಣ ತಪಾಸಣೆ ಮಾಡಿಸುವುದು ಮೇಲು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅದಕ್ಕೆ ಕಾರಣವಿದೆ. ಇಂಥ ಮಕ್ಕಳ ತರ್ಕಶಕ್ತಿ ಬಹಳ ಎತ್ತರದಲ್ಲಿದ್ದು, ವರ್ಕಿಂಗ್ ಮೆಮೊರಿ (ವಿಷಯವನ್ನು ಆ ಕ್ಷಣಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟು ಅದರ ಮೇಲೆ ಕೆಲಸ ಮಾಡುವ ಶಕ್ತಿ) ಮತ್ತು ಕೆಲಸದ ವೇಗ ಸಾಧಾರಣ ಮಟ್ಟದಲ್ಲಿರುವುದು ಆಗಾಗ ಕಂಡುಬರುತ್ತದೆ. ಎಲ್ಲವನ್ನೂ ಕೂಡಿಸಿ ಒಂದೇ ಐಕ್ಯೂ ಅಂಕ ಬರೆದುಬಿಟ್ಟರೆ ಎತ್ತರವೂ ಕಾಣದು, ತಗ್ಗೂ ಕಾಣದು. ಪ್ರತಿಭೆ ಕೊರತೆಯನ್ನು ಮುಚ್ಚುತ್ತದೆ, ಕೊರತೆ ಪ್ರತಿಭೆಯನ್ನು ಮುಚ್ಚುತ್ತದೆ, ಮಗು ಸರಾಸರಿಯವರ ಸಾಲಿನಲ್ಲಿ ನಿಲ್ಲುತ್ತದೆ. ಆದ್ದರಿಂದ ವರದಿ ಕೈಗೆ ಬಂದಾಗ ಒಟ್ಟು ಅಂಕದ ಮೇಲೆ ಕಣ್ಣಾಡಿಸಿ ಮಡಚಿಡಬೇಡಿ. ಬಿಡಿಬಿಡಿ ವಿಭಾಗಗಳ ಅಂಕಗಳನ್ನು ಕೇಳಿ ಓದಿಸಿಕೊಳ್ಳಿ.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ, ಮಾನಸಿಕ ತೊಂದರೆಗಳನ್ನು ಗುರುತಿಸಲು ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿಯ ಪ್ರಕಾರ, ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು ಮತ್ತು ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಇರಬೇಕು. ಜಾಣ ಮಕ್ಕಳು ಮುಗ್ಗರಿಸುವುದು ಇಲ್ಲೇ. ಪ್ರಾಥಮಿಕ ಶಾಲೆಯಲ್ಲಿ ಪುಸ್ತಕ ತೆರೆಯದೆ ನೂರಕ್ಕೆ ತೊಂಬತ್ತು ತೆಗೆದ ಮಗುವಿನ ಬಗ್ಗೆ ಯಾರೂ ದೂರು ಹೇಳಿರುವುದಿಲ್ಲ. "ಚಿಕ್ಕವನಿದ್ದಾಗ ಚೆನ್ನಾಗಿ ಓದುತ್ತಿದ್ದ, ಹಾಗಾಗಿ ಇದು ಎಡಿಎಚ್‌ಡಿ ಅಲ್ಲ" ಎಂದು ಕೈತೊಳೆದುಕೊಳ್ಳುವವರೂ ಇದ್ದಾರೆ. ನಿಯಮ ಕೇಳುವುದು ಲಕ್ಷಣಗಳನ್ನು, ಅಂಕಗಳನ್ನಲ್ಲ. ಆ ವಯಸ್ಸಿನಲ್ಲಿ ಎಷ್ಟು ಪೆನ್ಸಿಲ್ ಬಾಕ್ಸ್ ಕಳೆದುಹೋದವು, ಶೂ ಹಾಕಿಕೊಳ್ಳಲು ಎಷ್ಟು ಸಲ ಕೂಗಬೇಕಿತ್ತು, ಮಾತಿನ ನಡುವೆ ಎಷ್ಟು ಬಾಯಿ ಹಾಕುತ್ತಿದ್ದ ಎಂಬುದನ್ನು ನೆನಪಿಸಿಕೊಂಡು ವೈದ್ಯರಿಗೆ ಹೇಳಿ.

ಬೇಸರವೋ ಎಡಿಎಚ್‌ಡಿಯೋ ಎಂಬ ಗೊಂದಲವೂ ನಿಜವಾದದ್ದೇ. "ಇಷ್ಟವಾದದ್ದರಲ್ಲಿ ಗಂಟೆಗಟ್ಟಲೆ ಮುಳುಗುತ್ತಾನೆ, ಗಮನದ ಕೊರತೆ ಎಲ್ಲಿದೆ?" ಎಂಬ ವಾದ ಮಾತ್ರ ನಿಲ್ಲುವುದಿಲ್ಲ, ಏಕೆಂದರೆ ಎಡಿಎಚ್‌ಡಿ ಇದ್ದವರೂ ಹಾಗೆ ಮುಳುಗುತ್ತಾರೆ. ನೋಡಬೇಕಾದದ್ದು ಮಗು ಪ್ರಾಣದಂತೆ ಪ್ರೀತಿಸುವ ಕೆಲಸದೊಳಗಿನ ನೀರಸ ಭಾಗವನ್ನು. ರೋಬೋಟ್ ಕಟ್ಟಿ ಮುಗಿಸಿದ ಹುಡುಗ ಸ್ಪರ್ಧೆಯ ಅರ್ಜಿ ತುಂಬುವ ಕೊನೆಯ ದಿನವನ್ನು ಮರೆತನೇ? ಕೇವಲ ಬೇಸರಗೊಂಡ ಜಾಣ ಮಗು ಆ ಅರ್ಜಿಯನ್ನು ಗೊಣಗುತ್ತಲಾದರೂ ತುಂಬುತ್ತದೆ. ಇದನ್ನೇ ಪರೀಕ್ಷೆ ಎಂದುಕೊಳ್ಳಬೇಡಿ, ವೈದ್ಯರ ಬಳಿ ಹೇಳಲು ಒಳ್ಳೆಯ ಸುಳಿವು ಅಷ್ಟೇ. ಆತಂಕ, ಖಿನ್ನತೆ, ನಿದ್ರೆಯ ತೊಂದರೆ, ಓದುಬರಹದ ನಿರ್ದಿಷ್ಟ ಕಲಿಕಾ ತೊಂದರೆ ಇವೂ ಇದೇ ವೇಷ ಹಾಕಿ ಬರುತ್ತವೆ. ಎಡಿಎಚ್‌ಡಿಯ ಜೊತೆಗೇ ಇರುವುದೂ ಉಂಟು.

ಔಷಧಿ: ಉತ್ತೇಜಕವೋ, ಮತ್ತೊಂದೋ?

ಔಷಧಿಯ ಬಗ್ಗೆ ಭಯ ಸಹಜ, ಆದರೆ ಇದು ಹೊಸ ಪ್ರಯೋಗವಲ್ಲ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧಿಗೆ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದ್ದು 1955ರಲ್ಲಿ. 1999ರಲ್ಲಿ ಪ್ರಕಟವಾದ ಎಂಟಿಎ ಎಂಬ ದೊಡ್ಡ ಅಧ್ಯಯನ 579 ಮಕ್ಕಳನ್ನು 14 ತಿಂಗಳು ಹಿಂಬಾಲಿಸಿತು. ಗಮನ ಮತ್ತು ಚಂಚಲತೆಯ ಮುಖ್ಯ ಲಕ್ಷಣಗಳಲ್ಲಿ, ಎಚ್ಚರಿಕೆಯಿಂದ ಹೊಂದಿಸಿದ ಔಷಧಿಯು ಬರೀ ವರ್ತನಾ ಚಿಕಿತ್ಸೆಗಿಂತ ಚೆನ್ನಾಗಿ ಕೆಲಸ ಮಾಡಿತು. ಎರಡೂ ಸೇರಿದಾಗ ಕಡಿಮೆ ಪ್ರಮಾಣದ ಔಷಧಿ ಸಾಕಾಯಿತು. ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ಈ ವ್ಯತ್ಯಾಸ ಮಾಸಿಹೋಗಿತ್ತು ಎಂಬುದನ್ನೂ ಹೇಳಲೇಬೇಕು. ಆ ಮಕ್ಕಳು ಹತ್ತು ವರ್ಷದೊಳಗಿನವರು. ಹದಿಹರೆಯದವರ ಮಾತು ಬಂದಾಗ, ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯ 2019ರ ಮಾರ್ಗಸೂಚಿ 12ರಿಂದ 18ರ ವಯಸ್ಸಿನವರಿಗೆ ಔಷಧಿಯನ್ನು ಸೂಚಿಸುತ್ತದೆ, ಜೊತೆಗೆ ಕೌಶಲ ತರಬೇತಿಯನ್ನೂ ಪ್ರೋತ್ಸಾಹಿಸುತ್ತದೆ. ಅದರಲ್ಲಿ ಒಂದು ಷರತ್ತಿದೆ, ನನಗೆ ಬಹಳ ಮುಖ್ಯವೆನಿಸುವುದು ಅದೇ: ಆ ಹುಡುಗ ಅಥವಾ ಹುಡುಗಿಯ ಸಮ್ಮತಿ ಇರಬೇಕು. ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಇನ್ನೊಂದು ಹೆಜ್ಜೆ ನಿಧಾನ. ಮೊದಲು ಸುತ್ತಲಿನ ಪರಿಸರವನ್ನು ಹೊಂದಿಸಿ ನೋಡಿ, ಆಮೇಲೂ ಬದುಕಿಗೆ ಗಣನೀಯ ತೊಡಕಾಗುತ್ತಿದ್ದರೆ ಔಷಧಿ ಎನ್ನುತ್ತದೆ ಅದು.

ಉತ್ತೇಜಕ ಔಷಧಿಗಳು, ಅಂದರೆ ಮೀಥೈಲ್‌ಫೆನಿಡೇಟ್ ಮತ್ತು ಆಂಫೆಟಮಿನ್ ವರ್ಗದವು, ಕೊಟ್ಟ ದಿನವೇ ಕೆಲಸ ತೋರಿಸುತ್ತವೆ. ಸಣ್ಣ ಅವಧಿಯ ಮೀಥೈಲ್‌ಫೆನಿಡೇಟ್ ಮೂರು ನಾಲ್ಕು ಗಂಟೆ ಇದ್ದು ಹೋಗುತ್ತದೆ. ದೀರ್ಘಾವಧಿಯದು ಎಂಟರಿಂದ ಹನ್ನೆರಡು ಗಂಟೆ. ಹದಿಹರೆಯದವರಿಗೆ ದೀರ್ಘಾವಧಿಯದೇ ವಾಸಿ ಎಂದು ನನಗನಿಸುತ್ತದೆ. ಮಧ್ಯಾಹ್ನ ಸ್ನೇಹಿತರೆದುರು ಮಾತ್ರೆ ನುಂಗುವ ಮುಜುಗರ ತಪ್ಪುತ್ತದೆ, ನೆನಪಿನ ತೊಂದರೆ ಇರುವವರಿಗೇ ಎರಡನೇ ಮಾತ್ರೆ ನೆನಪಿಡುವ ಹೊರೆ ಹಾಕುವುದೂ ತಪ್ಪುತ್ತದೆ. ಶಾಲೆಯಲ್ಲಿ ಒಂದಷ್ಟು ಮಾತ್ರೆಗಳು "ಪರೀಕ್ಷೆಗೆ ಒಂದು ಕೊಡೋ" ಎನ್ನುವ ಗೆಳೆಯರ ಕೈಗೆ ಜಾರುವ ಅಪಾಯವೂ ಕಡಿಮೆ. ಈ ಕೊನೆಯದನ್ನು ಮನೆಯಲ್ಲಿ ನೇರವಾಗಿ ಮಾತಾಡಿ. ಬೇರೆಯವರಿಗೆ ಮಾತ್ರೆ ಕೊಡುವುದು ಅಪಾಯ, ಕಾನೂನಿಗೂ ವಿರುದ್ಧ ಎಂಬುದು ಮಗುವಿಗೆ ಸ್ಪಷ್ಟವಾಗಿ ಗೊತ್ತಿರಬೇಕು. ಅಡ್ಡಪರಿಣಾಮಗಳಲ್ಲಿ ಹೆಚ್ಚು ಕಾಡುವುದು ಹಸಿವು ಇಂಗುವುದು ಮತ್ತು ನಿದ್ದೆ ತಡವಾಗುವುದು. ರಕ್ತದೊತ್ತಡ, ನಾಡಿಬಡಿತ, ಎತ್ತರ, ತೂಕಗಳನ್ನು ವೈದ್ಯರು ಆಗಾಗ ನೋಡುತ್ತಿರಬೇಕು. ಹೃದಯದ ಕಾಯಿಲೆಯ ಹಿನ್ನೆಲೆ ಕುಟುಂಬದಲ್ಲಿದ್ದರೆ ಮೊದಲೇ ಹೇಳಬೇಕು.

ಉತ್ತೇಜಕವಲ್ಲದವುಗಳಲ್ಲಿ ಆಟೊಮಾಕ್ಸೆಟಿನ್ ದಿನವಿಡೀ ಸಮವಾಗಿ ಕೆಲಸ ಮಾಡುತ್ತದೆ, ದುರುಪಯೋಗದ ಭಯವಿಲ್ಲ. ಆದರೆ ಪೂರ್ಣ ಫಲಕ್ಕೆ ವಾರಗಟ್ಟಲೆ ಕಾಯಬೇಕು, ಮೊದಲ ವಾರದಲ್ಲೇ "ಇದು ಉಪಯೋಗವಿಲ್ಲ" ಎಂದು ಬಿಟ್ಟುಬಿಡಬಾರದು. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆ ಬರಬಹುದೆಂಬ ಎಚ್ಚರಿಕೆ ಈ ಔಷಧಿಯ ಮೇಲಿದೆ. ಆದ್ದರಿಂದ ಆರಂಭದ ತಿಂಗಳುಗಳಲ್ಲಿ ಮನಸ್ಥಿತಿಯ ಮೇಲೆ ನಿಗಾ ಇರಲಿ. ಗ್ವಾನ್‌ಫಸಿನ್ ಮತ್ತು ಕ್ಲೊನಿಡಿನ್ ತೂಕಡಿಕೆ ತರಿಸುತ್ತವೆ, ರಕ್ತದೊತ್ತಡ ಇಳಿಸುತ್ತವೆ. ಅವನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಏರಬಹುದು, ವೈದ್ಯರನ್ನು ಕೇಳಿಯೇ ಹಂತಹಂತವಾಗಿ ಬಿಡಬೇಕು. ಉತ್ತೇಜಕ ಒಗ್ಗದವರಿಗೆ, ಜೊತೆಯಲ್ಲಿ ಟಿಕ್ ತೊಂದರೆ (ತಡೆಯಲಾಗದೆ ಪದೇ ಪದೇ ಕಣ್ಣು ಮಿಟುಕಿಸುವುದು, ಕತ್ತು ಕೊಂಕಿಸುವುದು ಇಂಥದ್ದು) ಇರುವವರಿಗೆ, ಮನೆಯಲ್ಲಿ ಮಾದಕ ವಸ್ತುವಿನ ಚಿಂತೆ ಇರುವವರಿಗೆ ಈ ಎರಡನೇ ಸಾಲಿನ ಔಷಧಿಗಳು ಮೊದಲ ಸಾಲಿಗೆ ಬರುತ್ತವೆ.

"ನನ್ನ ಮಗುವಿನ ಕಲ್ಪನೆ, ತುಂಟತನ, ಕಿಡಿ ಆರಿಹೋದರೆ?" ಎಂಬ ಅಳುಕು ಪ್ರತಿಭಾವಂತರ ಮನೆಗಳಲ್ಲಿ ಹೆಚ್ಚು. ಮಗು ಮಂಕಾಗಿ, ಮಾತಿಲ್ಲದೆ, ತನ್ನತನ ಕಳೆದುಕೊಂಡಂತೆ ಕಂಡರೆ ಅದು ಸಹಿಸಿಕೊಳ್ಳಬೇಕಾದ ಬೆಲೆಯಲ್ಲ. ಪ್ರಮಾಣ ಹೆಚ್ಚಾಗಿದೆ ಅಥವಾ ಆ ಔಷಧಿ ಒಗ್ಗಿಲ್ಲ ಎಂಬುದರ ಸೂಚನೆ ಅದು, ವೈದ್ಯರಿಗೆ ತಿಳಿಸಿ. ಒಂದು ವರ್ಗ ಒಗ್ಗದವರಿಗೆ ಇನ್ನೊಂದು ಒಗ್ಗುವುದು ಸಾಮಾನ್ಯ. ಮಗು ಬರೆಯುವ, ಬಿಡಿಸುವ, ಕೋಡ್ ಮಾಡುವ ಹುಚ್ಚು ಹೇಗಿದೆ ಎಂದು ಅವನನ್ನೇ ಕೇಳಿ. ಅವನ ಉತ್ತರಕ್ಕೆ ಅಂಕಪಟ್ಟಿಗಿಂತ ಹೆಚ್ಚು ಬೆಲೆ ಕೊಡಿ.

ಕೌಶಲ ತರಬೇತಿ, ಸಿಬಿಟಿ, ಕೋಚ್

ಔಷಧಿ ಗಮನವನ್ನು ಕೊಡುತ್ತದೆ, ಆ ಗಮನವನ್ನು ಎಲ್ಲಿ ಇಡಬೇಕೆಂದು ಹೇಳಿಕೊಡುವುದಿಲ್ಲ. ಮಾತ್ರೆ ನುಂಗಿದ ಹುಡುಗ ಮೂರು ಗಂಟೆ ಏಕಾಗ್ರತೆಯಿಂದ ತನ್ನ ಮೇಜಿನ ಡ್ರಾಯರ್ ಜೋಡಿಸುತ್ತ ಕೂರಬಹುದು, ಪ್ರಬಂಧ ಹಾಗೇ ಉಳಿಯುತ್ತದೆ. ಕೌಶಲದ ಕೆಲಸ ಶುರುವಾಗುವುದು ಇಲ್ಲಿ.

ಮೂರರಲ್ಲಿ ನಾನು ಮೊದಲು ಕೈಹಾಕುವುದು ಯೋಜನೆ ಮತ್ತು ಅಚ್ಚುಕಟ್ಟಿನ ಕೌಶಲ ತರಬೇತಿಗೆ. ಬ್ಯಾಗ್ ಜೋಡಿಸುವುದು, ಹೋಂವರ್ಕ್ ಬರೆದಿಡುವುದು, ದೊಡ್ಡ ಪ್ರಾಜೆಕ್ಟನ್ನು ಒಡೆಯುವುದು ಇಂಥವನ್ನು ಪುನಃ ಪುನಃ ಮಾಡಿಸಿ ರೂಢಿ ಮಾಡುವ ತರಬೇತಿ ಇದು. ತಿಳಿಹೇಳುವುದಕ್ಕೂ ಇದಕ್ಕೂ ಅಜಗಜಾಂತರ. ಜಾಣ ಮಗುವಿಗೆ "ಯೋಜನೆ ಹಾಕಿಕೋ" ಎಂದರೆ ಹತ್ತು ನಿಮಿಷದಲ್ಲಿ ಬಣ್ಣಬಣ್ಣದ ವೇಳಾಪಟ್ಟಿ ಹಾಕಿಕೊಡುತ್ತಾನೆ, ಮರುದಿನ ಅದು ಎಲ್ಲಿದೆಯೆಂದೇ ಗೊತ್ತಿರುವುದಿಲ್ಲ. ಏನು ಮಾಡಬೇಕೆಂಬುದು ಅವನಿಗೆ ಗೊತ್ತು. ಗೊತ್ತಿದ್ದನ್ನು ಆ ಹೊತ್ತಿಗೆ, ಆ ಜಾಗದಲ್ಲಿ ಮಾಡುವುದೇ ಕಷ್ಟ. ಹಾಗಾಗಿ ನೆರವು ಕೂಡ ಆ ಜಾಗದಲ್ಲೇ ಇರಬೇಕು. "ಇತಿಹಾಸದ ಪ್ರಬಂಧ" ಎಂದು ಬರೆದಿಡುವ ಬದಲು "ಏಳು ಗಂಟೆಗೆ ಫೈಲ್ ತೆರೆದು ಶೀರ್ಷಿಕೆ ಮತ್ತು ಮೊದಲ ವಾಕ್ಯ" ಎಂದು ಬರೆಯಬೇಕು. ಆ ಏಳು ಗಂಟೆಗೆ ಪಕ್ಕದಲ್ಲಿ ಯಾರಾದರೂ ತಮ್ಮ ಕೆಲಸ ಮಾಡುತ್ತ ಸುಮ್ಮನೆ ಕೂತರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಮೊದಲೇ ಹೇಳಿದ ಹುಡುಗಿಗೆ ಬೇಕಿದ್ದದ್ದು ಇಷ್ಟೇ: ಬರೆದ ಹಾಳೆಯ ಫೋಟೊ ರಾತ್ರಿಯೇ ಶಿಕ್ಷಕರಿಗೆ ಹೋಗುವ ವ್ಯವಸ್ಥೆ, ಅಥವಾ ತರಗತಿಯ ಬಾಗಿಲ ಬಳಿ ಒಂದು ಟ್ರೇ ಮತ್ತು ಒಳಗೆ ಬರುವಾಗ ಅದರತ್ತ ಕೈ ತೋರಿಸುವ ಶಿಕ್ಷಕಿ.

ಸಿಬಿಟಿ ಎಂದು ಕರೆಯುವ ಅರಿವಿನ ವರ್ತನಾ ಚಿಕಿತ್ಸೆಯ ಜಾಗ ಬೇರೆ. "ಪೂರ್ತಿ ಚೆನ್ನಾಗಿ ಬರೆಯಲಾಗದಿದ್ದರೆ ಬರೆಯುವುದೇ ಬೇಡ" ಎಂಬ ಹಟ, "ನಾನು ಬುದ್ಧಿವಂತನೆಂದು ಎಲ್ಲರೂ ಅಂದುಕೊಂಡಿದ್ದಾರೆ, ಒಂದು ದಿನ ಬಣ್ಣ ಬಯಲಾಗುತ್ತದೆ" ಎಂಬ ದಿಗಿಲು ಈ ಮಕ್ಕಳಲ್ಲಿ ಬಹಳ. ಕೆಲಸ ಶುರುವಾಗದಿರಲು ಗಮನಕ್ಕಿಂತ ಈ ದಿಗಿಲೇ ಕಾರಣವಾಗಿದ್ದರೆ ಎಷ್ಟು ವೇಳಾಪಟ್ಟಿ ಹಾಕಿದರೂ ವ್ಯರ್ಥ, ಆಗ ಸಿಬಿಟಿ ಮೊದಲು ಬರಬೇಕು. ಔಷಧಿಯಿಂದ ಅನುಕೂಲವಾಗಿಯೂ ತೊಡಕು ಉಳಿದ ಯುವಜನರಿಗೆ ಇದನ್ನು ಪರಿಗಣಿಸಲು ನೈಸ್ ಮಾರ್ಗಸೂಚಿಯೂ ಹೇಳುತ್ತದೆ. ಎಡಿಎಚ್‌ಡಿಯ ಅನುಭವವಿರುವ ಚಿಕಿತ್ಸಕರನ್ನೇ ಹುಡುಕಿ. ಚಿಕಿತ್ಸಕರ ಕೋಣೆಯಲ್ಲಿ ಒಳ್ಳೆಯ ಮಾತುಗಾರಿಕೆ ನಡೆದು ಮನೆಗೆ ಏನೂ ಬಾರದಿರುವುದು ಮಾತಿನಲ್ಲಿ ಚತುರರಾದ ಈ ಮಕ್ಕಳ ವಿಷಯದಲ್ಲಿ ಸುಲಭವಾಗಿ ಆಗಿಬಿಡುತ್ತದೆ.

ದಿನನಿತ್ಯದ ಕೆಲಸಗಳ ಯೋಜನೆಗೆ ಜೊತೆ ನಿಲ್ಲುವ ಮಾರ್ಗದರ್ಶಿಯೇ ಕೋಚ್. ಆ ಹೆಸರಿಗೆ ಕಡ್ಡಾಯ ಪರವಾನಗಿ ಸಾಮಾನ್ಯವಾಗಿ ಇರುವುದಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಒಳ್ಳೆಯವರು ಸಿಕ್ಕರೆ ತಂದೆತಾಯಿ ಮತ್ತು ಮಗುವಿನ ನಡುವಿನ ದಿನನಿತ್ಯದ ಕಿತ್ತಾಟವನ್ನು ತಮ್ಮ ಮೇಲೆ ತೆಗೆದುಕೊಂಡು ಮನೆಗೆ ಉಸಿರಾಡಲು ಅವಕಾಶ ಕೊಡುತ್ತಾರೆ. ಆತಂಕ, ಖಿನ್ನತೆ ಇದ್ದಾಗ ಮಾತ್ರ ಕೋಚ್ ಚಿಕಿತ್ಸಕರ ಜಾಗ ತುಂಬಲಾರರು.

ಶಾಲೆಯಲ್ಲಿ: ರಿಯಾಯಿತಿಯೋ, ಸವಾಲೋ?

ನನಗೆ ಗಟ್ಟಿಯಾಗಿ ಹೇಳಬೇಕೆನಿಸುವುದು ಇದನ್ನು. "ಮೊದಲು ಹೋಂವರ್ಕ್ ಸರಿಯಾಗಿ ಮಾಡಲಿ, ಆಮೇಲೆ ಮೇಲಿನ ಹಂತದ ತರಗತಿಗೆ ಕಳಿಸೋಣ" ಎಂಬ ನಿಯಮ ನೋಡಲು ನ್ಯಾಯವೆನಿಸುತ್ತದೆ, ಮಾಡುವುದು ಅನ್ಯಾಯ. ಎಡಿಎಚ್‌ಡಿ ಇರುವ ಮನಸ್ಸು ಆಸಕ್ತಿ ಇದ್ದಲ್ಲಿ ಎಚ್ಚರಗೊಳ್ಳುತ್ತದೆ, ಗೊತ್ತಿದ್ದನ್ನೇ ಐವತ್ತು ಸಲ ಬರೆಯುವಲ್ಲಿ ಕುಸಿಯುತ್ತದೆ. ಸವಾಲನ್ನು ಬಹುಮಾನದ ಹಾಗೆ ಮೇಲಿಟ್ಟು, ಅದನ್ನು ಮುಟ್ಟಲು ಮಗು ತನ್ನ ಅತಿ ದುರ್ಬಲ ಅಂಗದಿಂದಲೇ ಹತ್ತಬೇಕು ಎನ್ನುವುದು, ಕಾಲು ನೋಯುವವನಿಗೆ ಮೆಟ್ಟಿಲು ಹತ್ತಿ ಬಂದರೆ ಊರುಗೋಲು ಕೊಡುತ್ತೇನೆ ಎಂದಂತೆ. ಹಾಗೆಯೇ ಚೆಸ್, ಸಂಗೀತ, ವಿಜ್ಞಾನದ ಕ್ಲಬ್ಬನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಬೇಡಿ. ಎಷ್ಟೋ ಮಕ್ಕಳಿಗೆ ತಾವು ಯೋಗ್ಯರು ಎಂದು ದಿನಕ್ಕೊಮ್ಮೆ ಅನಿಸುವ ಜಾಗ ಅದೊಂದೇ.

ಸವಾಲು ಕೊಡುವ ದಾರಿಗಳಲ್ಲಿ ಮಗುವಿಗೆ ಒಂದು ಇಡೀ ತರಗತಿಯನ್ನೇ ಬಿಡಿಸಿ ಅದರ ಮುಂದಿನದಕ್ಕೆ ಕಳಿಸುವುದು ಪ್ರತಿಭಾವಂತರಿಗೆ ಒಟ್ಟಾರೆ ಹಾನಿಯಲ್ಲ ಎಂದು ಸಂಶೋಧನೆ ಹೇಳುತ್ತದೆ. ಆದರೂ ಎಡಿಎಚ್‌ಡಿ ಇದ್ದಾಗ ನನ್ನ ಒಲವು ಒಂದೇ ವಿಷಯದಲ್ಲಿ ಮುಂದೆ ಕಳಿಸುವುದರ ಕಡೆಗೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ತೋರಿಸಿದಂತೆ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಮಿದುಳಿನ ಹೊರಪದರದ ಅರ್ಧದಷ್ಟು ಭಾಗ ಗರಿಷ್ಠ ದಪ್ಪ ಮುಟ್ಟುವುದು ಸರಿಸುಮಾರು ಹತ್ತೂವರೆ ವರ್ಷಕ್ಕೆ, ಇತರರಲ್ಲಿ ಏಳೂವರೆಗೆ. ಯೋಜನೆಗೆ, ನಿಗ್ರಹಕ್ಕೆ ಬೇಕಾದ ಮುಂಭಾಗದಲ್ಲಿ ಈ ತಡ ಹೆಚ್ಚು. ಬುದ್ಧಿಯಲ್ಲಿ ಎರಡು ವರ್ಷ ಮುಂದೆ, ನಿರ್ವಹಣೆಯಲ್ಲಿ ಎರಡು ಮೂರು ವರ್ಷ ಹಿಂದೆ ಇರುವ ಮಗುವಿಗೆ ಎಲ್ಲ ವಿಷಯಗಳ ಹೊರೆ ಒಟ್ಟಿಗೆ ಏರುವುದು ಕಷ್ಟ. ಗಣಿತ ಒಂದರಲ್ಲೇ ಹಿರಿಯರ ಜೊತೆ ಕೂತರೆ ಹೊರೆ ಏರದೆ ಹಸಿವು ತಣಿಯುತ್ತದೆ. ಅದೂ ಆಗದಿದ್ದರೆ, ಗೊತ್ತಿರುವ ಪಾಠವನ್ನು ಪೂರ್ವಪರೀಕ್ಷೆ ಕೊಟ್ಟು ಬಿಡಿಸಿ, ಉಳಿದ ಸಮಯಕ್ಕೆ ಆಳವಾದ ಕೆಲಸ ಕೊಡುವಂತೆ ಕೇಳಿ. "ಬೇಗ ಮುಗಿಸಿದವರಿಗೆ ಇನ್ನೂ ಹತ್ತು ಲೆಕ್ಕ" ಎನ್ನುವುದನ್ನು ಮಾತ್ರ ಒಪ್ಪಬೇಡಿ.

ರಿಯಾಯಿತಿಗಳಲ್ಲಿ ಎಲ್ಲರೂ ಮೊದಲು ಕೇಳುವುದು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ. ಬರೆಯುವ ವೇಗ ನಿಜವಾಗಿಯೂ ಕಡಿಮೆ ಇರುವವರಿಗೆ ಅದು ಬೇಕೇ ಬೇಕು. ಗಮನ ಚದುರುವುದೇ ತೊಂದರೆಯಾದರೆ ಹೆಚ್ಚುವರಿ ಸಮಯವೂ ಚದುರಿಹೋಗುತ್ತದೆ, ಪ್ರತ್ಯೇಕ ಶಾಂತ ಕೋಣೆ ಮತ್ತು ನಡುವೆ ಒಂದು ವಿರಾಮ ಹೆಚ್ಚು ಫಲ ಕೊಡುತ್ತದೆ. ಹೋಂವರ್ಕಿಗೆ ಗಡುವನ್ನು ಸುಮ್ಮನೆ ಮುಂದೂಡುವುದು ಬಹುತೇಕ ಎಡವಟ್ಟು, ಬಾಕಿ ಬೆಟ್ಟವಾಗುತ್ತದೆ. ಅದಕ್ಕಿಂತ ಲೆಕ್ಕಗಳ ಸಂಖ್ಯೆಯನ್ನೇ ಅರ್ಧಕ್ಕೆ ಇಳಿಸಿ, ದೊಡ್ಡ ಕೆಲಸಕ್ಕೆ ನಡುನಡುವೆ ಸಣ್ಣ ಗಡುವು ಇಡುವಂತೆ ಕೇಳಿ.

ಉಳಿದ ಆಯ್ಕೆಗಳು

ನ್ಯೂರೋಫೀಡ್‌ಬ್ಯಾಕ್ (ಮಿದುಳಿನ ಅಲೆಗಳನ್ನು ಯಂತ್ರದಲ್ಲಿ ತೋರಿಸಿ ಅವನ್ನು ಹತೋಟಿಗೆ ತರಲು ಕಲಿಸುವ ತರಬೇತಿ) ಬಗ್ಗೆ: ಚಿಕಿತ್ಸೆ ನಡೆದಿದೆಯೋ ಇಲ್ಲವೋ ಗೊತ್ತಿಲ್ಲದವರು ಮಗುವನ್ನು ಅಳೆದಾಗ ಅದರ ಲಾಭ ಬಹಳ ಕುಗ್ಗುತ್ತದೆ. ಸಮಯ, ಹಣ ಎರಡನ್ನೂ ಬೇಡುವ ಇದನ್ನು ನಾನು ಪಟ್ಟಿಯ ಕೊನೆಗೆ ಇಡುತ್ತೇನೆ. ಒಮೆಗಾ-3ರಂಥ ಕೊಬ್ಬಿನಾಮ್ಲದ ಮಾತ್ರೆಗಳನ್ನು ಎಡಿಎಚ್‌ಡಿಗೆಂದು ಕೊಡಬೇಡಿ ಎಂದು ನೈಸ್ ನೇರವಾಗಿ ಹೇಳಿದೆ. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಂಡೆವರ್‌ಆರ್‌ಎಕ್ಸ್ ಎಂಬ ವಿಡಿಯೊ ಗೇಮ್ ಗಮನದ ಪರೀಕ್ಷೆಯ ಅಂಕಗಳನ್ನು ಸುಧಾರಿಸುತ್ತದೆ, ಅದು ಇತರ ಚಿಕಿತ್ಸೆಯ ಬದಲಿಗೆ ಅಲ್ಲ. ವ್ಯಾಯಾಮದಿಂದ ಸಣ್ಣದಾದರೂ ನಿಜವಾದ ಲಾಭವಿದೆ, ಅಡ್ಡಪರಿಣಾಮವಿಲ್ಲ, ಮಗುವಿಗೆ ಇಷ್ಟವಾದ ಆಟವಾದರೆ ಸಾಕು.

ನಿದ್ದೆಯನ್ನು ಮಾತ್ರ ಈ ಪಟ್ಟಿಯಲ್ಲಿ ಸೇರಿಸಲಾರೆ, ಅದು ಎಲ್ಲಕ್ಕಿಂತ ಮೊದಲು. 13ರಿಂದ 18ರ ವಯಸ್ಸಿಗೆ ರಾತ್ರಿ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ದೇಹದ ಗಡಿಯಾರ ತಾನಾಗಿಯೇ ತಡಕ್ಕೆ ಸರಿಯುತ್ತದೆ, ಎಡಿಎಚ್‌ಡಿ ಇದ್ದರೆ ಇನ್ನಷ್ಟು. ಐದು ಗಂಟೆ ಮಲಗಿದ ಮಗುವಿನ ಮೇಲೆ ಔಷಧಿಯ ಪ್ರಮಾಣವನ್ನು ಹೊಂದಿಸುವುದು ಯಾರಿಗೂ ಸಾಧ್ಯವಿಲ್ಲ.

ಜ್ಞಾಪಿಸುವ ಕೆಲಸ ಯಾರದು?

ಎಲ್ಲ ನೆರವನ್ನೂ ಹಿಂತೆಗೆದು "ಬಿದ್ದು ಕಲಿಯಲಿ" ಎನ್ನುವ ಪಕ್ಷವಿದೆ, ಕಾಲೇಜಿನವರೆಗೂ ಬ್ಯಾಗ್ ತುಂಬಿಕೊಡುವ ಪಕ್ಷವೂ ಇದೆ. ಮೊದಲನೆಯದರಿಂದ ಈ ಮಕ್ಕಳು ಬೀಳುವುದನ್ನಷ್ಟೇ ಕಲಿಯುತ್ತಾರೆ. ಎರಡನೆಯದರಿಂದ ಹದಿನೆಂಟಕ್ಕೆ ಒಮ್ಮೆಲೇ ನೆಲ ಕುಸಿಯುತ್ತದೆ. ಒಂದು ಸಲಕ್ಕೆ ಒಂದೇ ಹೊಣೆಯನ್ನು ಕೈಬದಲಾಯಿಸಿ. ಈ ಅವಧಿಯಲ್ಲಿ ಬೆಳಗಿನ ಅಲಾರಂ ಅವನದು, ಹೋಂವರ್ಕ್ ಪರಿಶೀಲನೆ ಇನ್ನೂ ನಿಮ್ಮದು. ಅಲಾರಂ ರೂಢಿಯಾದ ಮೇಲೆ ಮುಂದಿನದು.

ಹೊಸ ನೆರವು ಶುರು ಮಾಡುವಾಗಲೂ ಹೀಗೆಯೇ, ಔಷಧಿ, ಕೋಚ್, ಶಾಲೆಯ ಬದಲಾವಣೆ ಮೂರನ್ನೂ ಒಂದೇ ವಾರ ತಂದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮೊದಲೇ ಮಗುವಿನೊಂದಿಗೆ ಕೂತು ಅಳತೆಗೋಲನ್ನು ಗೊತ್ತುಮಾಡಿಕೊಳ್ಳಿ. "ಚೆನ್ನಾಗಿ ಓದುವುದು" ಎಂಬುದು ಅಳತೆಯಲ್ಲ, "ವಾರದಲ್ಲಿ ಕೊಡದೆ ಉಳಿದ ಹೋಂವರ್ಕ್ ಎಷ್ಟು" ಎಂಬುದು ಅಳತೆ. ಅದು ಇಳಿಯದಿದ್ದರೆ ನೆರವನ್ನು ಬದಲಿಸಿ, ಮಗುವನ್ನು ದೂರಬೇಡಿ.

ಹದಿನೇಳು ತುಂಬುವ ಹೊತ್ತಿಗೆ ಅವನಿಗೆ ತನ್ನ ಔಷಧಿಯ ಹೆಸರು ಮತ್ತು ಪ್ರಮಾಣ, ವೈದ್ಯರ ಸಮಯ ತೆಗೆದುಕೊಳ್ಳುವ ಬಗೆ, ತನಗೆ ಬೇಕಾದ ರಿಯಾಯಿತಿಯನ್ನು ಅಧ್ಯಾಪಕರ ಬಳಿ ಎರಡು ವಾಕ್ಯದಲ್ಲಿ ಕೇಳುವ ರೀತಿ ಗೊತ್ತಿರಲಿ. ತಪಾಸಣೆಯ ವರದಿಯ ಒಂದು ಪ್ರತಿ ಅವನ ಹೆಸರಿನ ಫೈಲಿನಲ್ಲಿರಲಿ. ಮುಂದಿನ ಸಲ ವೈದ್ಯರ ಕೋಣೆಯಲ್ಲಿ "ಹೇಗಿದೆ?" ಎಂಬ ಪ್ರಶ್ನೆ ಬಂದಾಗ ನೀವು ಬಾಯಿ ತೆರೆಯದೆ ಅವನಿಗೇ ಮಾತಾಡಲು ಬಿಡಿ.